ಟಿಕೆಟ್ ಕೊಟ್ಟ ಪಕ್ಷವೇ ಅಭ್ಯರ್ಥಿಯ ಕೈಬಿಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಚುನಾವಣೆ ಬಂದಾಗಲೆಲ್ಲ ಒಂದು ಸುದ್ದಿ ತಪ್ಪದೆ ಬರುತ್ತದೆ. ಯಾರೋ ಒಬ್ಬ ಅಭ್ಯರ್ಥಿಯ ಮಾತೋ ವಿಡಿಯೊವೋ ಹಳೆಯ ಪ್ರಕರಣವೋ ಬಯಲಾಗುತ್ತದೆ. ಸಂಜೆಯೊಳಗೆ ಪಕ್ಷದ ವಕ್ತಾರರು ಮೈಕಿನ ಮುಂದೆ ನಿಂತು, ಅದಕ್ಕೂ ತಮ್ಮ ಪಕ್ಷಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ. ಆ ಮಾತಿಗೆ ಕಾನೂನಿನಲ್ಲಿ ಬೆಲೆ ಇದೆಯೇ, ಮತದಾರರಿಗೆ ಅದರಿಂದ ಏನು ಸಿಗುತ್ತದೆ ಎಂಬ ಪ್ರಶ್ನೆಗಳನ್ನು ಜನ ಕೇಳುತ್ತಲೇ ಇರುತ್ತಾರೆ. 2024ರಲ್ಲಿ ಹಾಸನದಲ್ಲಿ ನಡೆದದ್ದನ್ನು ಕಂಡ ಮೇಲಂತೂ ಇನ್ನೂ ಹೆಚ್ಚಾಗಿ ಕೇಳುತ್ತಿದ್ದಾರೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಪಕ್ಷ ಏನು ಹೇಳಿತು ಎನ್ನುವುದಕ್ಕಿಂತ ಯಾವ ತಾರೀಖಿನಂದು ಹೇಳಿತು, ಆಮೇಲೆ ಯಾರಿಗೆ ಟಿಕೆಟ್ ಕೊಟ್ಟಿತು ಎನ್ನುವುದನ್ನು ನೋಡಬೇಕು.

ಪಕ್ಷ ತನ್ನ ಅಭ್ಯರ್ಥಿಯಿಂದ ‘ಅಂತರ ಕಾಯ್ದುಕೊಂಡಿದೆ’ ಎಂದು ಪತ್ರಿಕೆಗಳು ಬರೆಯುತ್ತವೆ. ಹಾಗೆಂದರೆ ನಿಜಕ್ಕೂ ಏನು?

ಈ ಒಂದು ಮಾತಿನ ಅಡಿಯಲ್ಲಿ ನಾಲ್ಕೈದು ಬೇರೆ ಬೇರೆ ಕ್ರಮಗಳು ಅಡಗಿರುತ್ತವೆ. ಅತ್ಯಂತ ಹಗುರವಾದದ್ದು ‘ಅದು ಅವರ ವೈಯಕ್ತಿಕ ಹೇಳಿಕೆ’ ಎನ್ನುವುದು. ಇದಕ್ಕೆ ಖರ್ಚೂ ಇಲ್ಲ, ದಾಖಲೆಯೂ ಇಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಕಾರಣ ಕೇಳಿ ನೋಟಿಸ್, ಅದರ ಮೇಲೆ ಅಮಾನತು, ಕೊನೆಗೆ ಉಚ್ಚಾಟನೆ. ಅಮಾನತು ಎಂದರೆ ಬಾಗಿಲು ಮುಚ್ಚಿದೆ, ಚಿಲಕ ಹಾಕಿಲ್ಲ ಎಂದೇ ತಿಳಿಯಬೇಕು. ಉಚ್ಚಾಟನೆಗೂ ಸಾಮಾನ್ಯವಾಗಿ ಆರು ವರ್ಷ ಎಂಬ ಗಡುವು ಹಾಕುತ್ತಾರೆ, ಆದರೆ ಪಕ್ಷ ಮನಸ್ಸು ಮಾಡಿದರೆ ಅದನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ಇವೆಲ್ಲ ಪಕ್ಷದ ಒಳಗಿನ ಶಿಸ್ತಿನ ಮಾತು. ಚುನಾವಣಾ ಕಣದಲ್ಲಿರುವ ಅಭ್ಯರ್ಥಿಯ ಮಟ್ಟಿಗೆ ಇವುಗಳಲ್ಲಿ ಯಾವುದೂ ಲೆಕ್ಕಕ್ಕಿಲ್ಲ. ಅಲ್ಲಿ ನಡೆಯುವುದು ಒಂದೇ ಕಾಗದ.

ಯಾವ ಕಾಗದ ಅದು?

ಬಿ ಫಾರಂ. ಚುನಾವಣೆಯ ಸಮಯದಲ್ಲಿ ಅದಕ್ಕಾಗಿ ನಾಯಕರ ಮನೆ ಮುಂದೆ ರಾತ್ರಿಯಿಡೀ ಕಾಯುವವರನ್ನು ಟಿವಿಯಲ್ಲಿ ನೋಡಿಯೇ ಇರುತ್ತೀರಿ. 1968ರ ಚುನಾವಣಾ ಚಿಹ್ನೆಗಳ ಆದೇಶದ ಪ್ರಕಾರ, ಈ ಕ್ಷೇತ್ರದಲ್ಲಿ ಇಂಥವರೇ ನಮ್ಮ ಅಭ್ಯರ್ಥಿ ಎಂದು ಪಕ್ಷದ ಅಧಿಕೃತ ಪದಾಧಿಕಾರಿ ಶಾಯಿಯಲ್ಲಿ ಸಹಿ ಹಾಕಿ ಕೊಡುವ ಪತ್ರ ಅದು. ಹಾಗೆ ಸಹಿ ಹಾಕುವ ಅಧಿಕಾರ ಯಾರಿಗಿದೆ ಎಂದು ತಿಳಿಸುವುದು ಎ ಫಾರಂ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಇವೆರಡೂ ಚುನಾವಣಾಧಿಕಾರಿಯ ಕೈ ಸೇರಬೇಕು. ಪಕ್ಷಕ್ಕೆ ಮನಸ್ಸು ಬದಲಾದರೆ ಅದೇ ಗಂಟೆಯೊಳಗೆ ಮೊದಲಿನ ಬಿ ಫಾರಂ ರದ್ದುಪಡಿಸಿ ಬೇರೆಯವರ ಹೆಸರಿಗೆ ಕೊಡಬಹುದು. 3 ಗಂಟೆ ದಾಟಿತೆಂದರೆ ಆ ಅಧಿಕಾರ ಮುಗಿಯಿತು.

ನಾಮಪತ್ರ ವಾಪಸ್ ಪಡೆಯಲು ಇನ್ನೂ ದಿನಗಳಿರುತ್ತವಲ್ಲ? ಪಕ್ಷವೇ ವಾಪಸ್ ಪಡೆಯಬಹುದಲ್ಲವೇ?

ಆಗುವುದಿಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 37ನೇ ಕಲಂ ಪ್ರಕಾರ ನಾಮಪತ್ರ ಹಿಂಪಡೆಯುವ ಹಕ್ಕು ಇರುವುದು ಅಭ್ಯರ್ಥಿಗೆ ಮಾತ್ರ. ಪಕ್ಷ ಬುದ್ಧಿ ಹೇಳಬಹುದು, ಒತ್ತಡ ಹೇರಬಹುದು, ಗದರಿಸಬಹುದು. ಅಭ್ಯರ್ಥಿ ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು. ಹಿಂಪಡೆಯುವ ಗಡುವು ಮುಗಿದ ಮೇಲಂತೂ ಅಭ್ಯರ್ಥಿಯೇ ಬಯಸಿದರೂ ಕಣದಿಂದ ಹೊರಬರಲು ದಾರಿಯಿಲ್ಲ. ಹೆಸರು, ಭಾವಚಿತ್ರ, ಚಿಹ್ನೆ ಮತಯಂತ್ರಕ್ಕೆ ಹೋಗುತ್ತವೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಮತದಾನಕ್ಕೆ ಮುನ್ನ ತೀರಿಕೊಂಡರೆ ಮತದಾನ ಮುಂದೂಡಿ ಹೊಸ ಅಭ್ಯರ್ಥಿಗೆ ಅವಕಾಶ ಕೊಡಲು ಕಾನೂನಿನಲ್ಲಿ ವ್ಯವಸ್ಥೆ ಇದೆ. ಪಕ್ಷ ಕೈಬಿಟ್ಟಿತು ಎಂಬ ಕಾರಣಕ್ಕೆ ಅಂಥ ಅವಕಾಶವಿಲ್ಲ.

ಒಂದು ನಿಜವಾದ ವೇಳಾಪಟ್ಟಿ ನೋಡಿ. 2024ರ ಲೋಕಸಭಾ ಚುನಾವಣೆಯಲ್ಲಿ ಹಾಸನವೂ ಸೇರಿ ಕರ್ನಾಟಕದ 14 ಕ್ಷೇತ್ರಗಳಿಗೆ ಅಧಿಸೂಚನೆ ಹೊರಟಿದ್ದು ಮಾರ್ಚ್ 28ರಂದು. ನಾಮಪತ್ರಕ್ಕೆ ಏಪ್ರಿಲ್ 4 ಕೊನೆಯ ದಿನ, 5ಕ್ಕೆ ಪರಿಶೀಲನೆ, 8ಕ್ಕೆ ಹಿಂಪಡೆಯಲು ಕೊನೆಯ ದಿನ, 26ಕ್ಕೆ ಮತದಾನ. ಅಂದರೆ ಏಪ್ರಿಲ್ 4ರ ಮಧ್ಯಾಹ್ನದ ನಂತರದ ಮೂರು ವಾರ ಪಕ್ಷಕ್ಕೆ ಉಳಿಯುವುದು ಬಾಯಿಮಾತು ಮಾತ್ರ.

ಗಡುವಿಗೆ ಮುಂಚೆ ಎಚ್ಚೆತ್ತುಕೊಂಡರೆ ಕೆಲಸ ಎಷ್ಟು ಸಲೀಸು ಎನ್ನುವುದಕ್ಕೂ ಅದೇ ವರ್ಷದ ಉದಾಹರಣೆ ಇದೆ. ಭೋಜಪುರಿ ಗಾಯಕ ಪವನ್ ಸಿಂಗ್ ಅವರನ್ನು ಬಿಜೆಪಿ ಮಾರ್ಚ್ 2ರಂದು ಪಶ್ಚಿಮ ಬಂಗಾಳದ ಆಸನ್ಸೋಲ್‌ಗೆ ಅಭ್ಯರ್ಥಿ ಎಂದು ಘೋಷಿಸಿತು. ಬಂಗಾಳಿ ಹೆಣ್ಣುಮಕ್ಕಳನ್ನು ಕೀಳಾಗಿ ತೋರಿಸುವ ಅವರ ಹಾಡುಗಳ ಬಗ್ಗೆ ಗದ್ದಲ ಎದ್ದಿತು. ಮರುದಿನವೇ ಅವರು ಹಿಂದೆ ಸರಿದರು.

ಪಕ್ಷವೇ ‘ನಮ್ಮ ಚಿಹ್ನೆಗೆ ಮತ ಹಾಕಬೇಡಿ’ ಎಂದು ಕೇಳಿಕೊಂಡದ್ದುಂಟೇ?

ಉಂಟು. ರಾಜಸ್ಥಾನದ ಬಾಂಸವಾಡಾದಲ್ಲಿ 2024ರಲ್ಲಿ ಅದು ನಡೆಯಿತು. ಕಾಂಗ್ರೆಸ್ ಅಲ್ಲಿ ಅರವಿಂದ ಡಾಮೋರ್ ಅವರಿಗೆ ಬಿ ಫಾರಂ ಕೊಟ್ಟು ಆದ ಮೇಲೆ ಭಾರತ ಆದಿವಾಸಿ ಪಕ್ಷದ ರಾಜಕುಮಾರ್ ರೋತ್ ಅವರನ್ನು ಬೆಂಬಲಿಸಲು ತೀರ್ಮಾನಿಸಿತು. ಡಾಮೋರ್ ನಾಮಪತ್ರ ಹಿಂಪಡೆಯಲಿಲ್ಲ. ಹಸ್ತದ ಗುರುತು ಮತಯಂತ್ರದಲ್ಲಿ ಹಾಗೆಯೇ ಉಳಿಯಿತು. ಕಾಂಗ್ರೆಸ್ ನಾಯಕರು ಹಳ್ಳಿ ಹಳ್ಳಿ ಸುತ್ತಿ ಹಸ್ತಕ್ಕೆ ಮತ ಹಾಕಬೇಡಿ ಎಂದು ಪ್ರಚಾರ ಮಾಡಬೇಕಾಯಿತು. ರೋತ್ ಗೆದ್ದರು. ಆದರೂ ಹಸ್ತಕ್ಕೆ 60 ಸಾವಿರಕ್ಕೂ ಹೆಚ್ಚು ಮತ ಬಿದ್ದವು. ಅಲ್ಲಿದ್ದದ್ದು ಮೈತ್ರಿಯ ಗೊಂದಲವೇ ಹೊರತು ಅಭ್ಯರ್ಥಿಯ ಮೇಲಿನ ಆರೋಪವಲ್ಲ. ಆದರೂ ಇದನ್ನು ಇಲ್ಲಿ ಹೇಳಲು ಕಾರಣವಿದೆ. ವರ್ಷಗಟ್ಟಲೆ ಒಂದೇ ಗುರುತಿಗೆ ಒತ್ತಿ ಅಭ್ಯಾಸವಾದ ಬೆರಳಿಗೆ ಪಕ್ಷದ ಹೊಸ ನಿಲುವು ತಲುಪುವುದು ಎಷ್ಟು ಕಷ್ಟ ಎನ್ನುವುದನ್ನು ಆ 60 ಸಾವಿರ ಮತಗಳು ತೋರಿಸುತ್ತವೆ.

ಹಾಸನದಲ್ಲಿ ಯಾವ ದಿನ ಏನಾಯಿತು?

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಜನ ಇದನ್ನು ಹಿಂದೆ ಮುಂದೆ ಮಾಡಿ ನೆನಪಿಟ್ಟುಕೊಂಡಿದ್ದಾರೆ.

ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಮೊಮ್ಮಗ, ಹೊಳೆನರಸೀಪುರದ ಶಾಸಕ ಎಚ್.ಡಿ. ರೇವಣ್ಣ ಅವರ ಮಗ ಪ್ರಜ್ವಲ್ ರೇವಣ್ಣ 2019ರಲ್ಲಿ ಹಾಸನದಿಂದ ಲೋಕಸಭೆಗೆ ಆಯ್ಕೆಯಾಗಿದ್ದರು. 2024ರಲ್ಲಿ ಜೆಡಿಎಸ್ ಬಿಜೆಪಿಯ ಜೊತೆಗಿತ್ತು. ಹಾಸನ, ಮಂಡ್ಯ, ಕೋಲಾರ ಅದರ ಪಾಲಿಗೆ ಬಂದ ಕ್ಷೇತ್ರಗಳು. ಮತದಾನಕ್ಕೆ ಕೆಲವೇ ದಿನ ಇರುವಾಗ, ಪ್ರಜ್ವಲ್ ಮಹಿಳೆಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದಾರೆನ್ನಲಾದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹಾಸನ ಜಿಲ್ಲೆಯಲ್ಲಿ ಹರಿದಾಡಿದವು. ಏಪ್ರಿಲ್ 25ರಂದು ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷೆ ನಾಗಲಕ್ಷ್ಮಿ ಚೌಧರಿ ತನಿಖೆ ಕೋರಿ ಸರ್ಕಾರಕ್ಕೆ ಪತ್ರ ಬರೆದರು. 26ರಂದು ಮತದಾನ ನಡೆಯಿತು. ಅದರ ಬೆನ್ನಿಗೇ ಪ್ರಜ್ವಲ್ ರಾಜತಾಂತ್ರಿಕ ಪಾಸ್‌ಪೋರ್ಟ್‌ನಲ್ಲಿ ಜರ್ಮನಿಗೆ ಹೊರಟುಹೋದರು. 27ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವಿಶೇಷ ತನಿಖಾ ತಂಡ ರಚಿಸುವುದಾಗಿ ಪ್ರಕಟಿಸಿದರು. 28ರಂದು ಹೊಳೆನರಸೀಪುರದಲ್ಲಿ ಮೊದಲ ಎಫ್‌ಐಆರ್ ದಾಖಲಾಯಿತು. 30ರಂದು ಹುಬ್ಬಳ್ಳಿಯಲ್ಲಿ ಸೇರಿದ ಜೆಡಿಎಸ್ ಕೋರ್ ಕಮಿಟಿ ಪ್ರಜ್ವಲ್ ಅವರನ್ನು ಅಮಾನತು ಮಾಡಿತು.

ಅಮಾನತಿನ ದಿನವನ್ನು ಗಮನಿಸಿ. ಹಾಸನದವರು ಮತ ಹಾಕಿ ನಾಲ್ಕು ದಿನ ಕಳೆದಿತ್ತು. ಉತ್ತರ ಕರ್ನಾಟಕದ ಕಡೆಯ 14 ಕ್ಷೇತ್ರಗಳಲ್ಲಿ ಮೇ 7ಕ್ಕೆ ಮತದಾನ ಇತ್ತು, ಅಂದರೆ ಇನ್ನು ಒಂದು ವಾರ. ಆ ನಿರ್ಧಾರ ಹಾಸನದ ಮತದಾರರಿಗೆ ಯಾವ ಉಪಯೋಗಕ್ಕೂ ಬರಲಿಲ್ಲ. ಉಪಯೋಗಕ್ಕೆ ಬಂದಿದ್ದರೆ ಅದು ಮುಂದಿನ ಹಂತದಲ್ಲಿ ಮೈತ್ರಿಯ ಪರ ಮತ ಕೇಳುತ್ತಿದ್ದವರಿಗೆ.

ಮೇ 23ರಂದು ದೇವೇಗೌಡರೇ ಬಹಿರಂಗ ಪತ್ರ ಬರೆದು, ಎಲ್ಲಿದ್ದರೂ ಕೂಡಲೇ ಬಂದು ಪೊಲೀಸರ ಮುಂದೆ ಹಾಜರಾಗು ಎಂದು ಮೊಮ್ಮಗನಿಗೆ ಎಚ್ಚರಿಕೆ ಕೊಟ್ಟರು. ಮೇ 31ರ ನಸುಕಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬಂಧನವಾಯಿತು. ಜೂನ್ 4ರ ಎಣಿಕೆಯಲ್ಲಿ ಕಾಂಗ್ರೆಸ್‌ನ ಶ್ರೇಯಸ್ ಪಟೇಲ್ 42,649 ಮತಗಳಿಂದ ಗೆದ್ದರು. ಅಮಾನತಾದ ಅಭ್ಯರ್ಥಿಗೆ ಬಿದ್ದ ಮತಗಳು 6.30 ಲಕ್ಷ. 2025ರ ಆಗಸ್ಟ್ 1ರಂದು ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯವು ಮನೆಗೆಲಸದ ಮಹಿಳೆಯೊಬ್ಬರ ಮೇಲೆ ಅತ್ಯಾಚಾರ ಎಸಗಿದ ಪ್ರಕರಣದಲ್ಲಿ ಪ್ರಜ್ವಲ್ ಅವರನ್ನು ದೋಷಿ ಎಂದು ಘೋಷಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಿದ್ದಾರೆ.

ಟಿಕೆಟ್ ಕೊಡುವಾಗ ಪಕ್ಷಗಳಿಗೆ ಗೊತ್ತಿರಲಿಲ್ಲವೇ?

ಯಾರ ಮನಸ್ಸಿನಲ್ಲಿ ಏನಿತ್ತು ಎನ್ನುವುದನ್ನು ಬಿಡಿ. ದಾಖಲೆಯಲ್ಲಿ ಏನಿತ್ತು ಎನ್ನುವುದನ್ನು ನೋಡೋಣ. ತಮ್ಮ ಕುರಿತ ವಿಡಿಯೊ ಮತ್ತು ಸುದ್ದಿಗಳನ್ನು ಪ್ರಕಟಿಸದಂತೆ ಮಾಧ್ಯಮಗಳ ವಿರುದ್ಧ ಬೆಂಗಳೂರಿನ ಸಿವಿಲ್ ನ್ಯಾಯಾಲಯದಿಂದ ಪ್ರಜ್ವಲ್ ತಡೆಯಾಜ್ಞೆ ತಂದಿದ್ದು 2023ರ ಜೂನ್‌ನಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ, ಹೊಳೆನರಸೀಪುರದಲ್ಲಿ ಬಿಜೆಪಿ ಅಭ್ಯರ್ಥಿಯಾಗಿ ಸೋತಿದ್ದ ವಕೀಲರೊಬ್ಬರು ತಮ್ಮ ಪಕ್ಷದ ರಾಜ್ಯಾಧ್ಯಕ್ಷರಿಗೆ ಪತ್ರ ಬರೆದು, ಈ ವಿಡಿಯೊಗಳಿವೆ, ಈ ಕುಟುಂಬದೊಂದಿಗೆ ಮೈತ್ರಿ ಬೇಡ ಎಂದು ಎಚ್ಚರಿಸಿದ್ದು ಮತದಾನದ ನಂತರ ಬಯಲಾಯಿತು. ಊರಿನ ಮಾತು ಬಿಡಿ, ಕೋರ್ಟಿನ ಕಾಗದವೇ ಹತ್ತು ತಿಂಗಳ ಮೊದಲು ಇತ್ತು. ಏಪ್ರಿಲ್ 30ರಂದು ಮೊದಲ ಬಾರಿಗೆ ಕೇಳಿದವರಂತೆ ಮಾತನಾಡಿದವರನ್ನು ನಾನು ನಂಬುವುದಿಲ್ಲ.

ಪಾಲುದಾರ ಪಕ್ಷದ ಪಾತ್ರವನ್ನೂ ಇಲ್ಲಿಯೇ ಹೇಳಬೇಕು. ಮೈತ್ರಿಯಲ್ಲಿ ಮತ ಕೇಳುವಾಗ ‘ನಮ್ಮ ಅಭ್ಯರ್ಥಿ’, ಹಗರಣ ಬಂದಾಗ ‘ಆ ಪಕ್ಷದ ಅಭ್ಯರ್ಥಿ’ ಎನ್ನುವ ಜಾಣತನವನ್ನು ಮತದಾರರು ಒಪ್ಪಬೇಕಾಗಿಲ್ಲ. ಇತ್ತ ಕಾಂಗ್ರೆಸ್ ಸರ್ಕಾರಕ್ಕೂ ಉತ್ತರ ಹೇಳಬೇಕಾದ ಪ್ರಶ್ನೆ ಇದೆ. ಪೆನ್‌ಡ್ರೈವ್‌ಗಳು ಜಿಲ್ಲೆಯ ತುಂಬ ಓಡಾಡುತ್ತಿದ್ದಾಗ, ಮಹಿಳಾ ಆಯೋಗದ ಪತ್ರ ಮತದಾನದ ಹಿಂದಿನ ದಿನವೇ ಕೈಸೇರಿದ್ದಾಗ, ತನಿಖಾ ತಂಡದ ಪ್ರಕಟಣೆ ಆರೋಪಿ ದೇಶ ಬಿಟ್ಟ ಮೇಲೆ ಏಕೆ ಬಂತು?

ಆ ವಿಡಿಯೊಗಳನ್ನು ಹಂಚಿದ್ದು ಮತದಾರರ ಕಣ್ಣು ತೆರೆಸಲು ಅಲ್ಲವೇ?

ಅಲ್ಲ. ಈ ಪ್ರಶ್ನೆಗೆ ಉತ್ತರಿಸುವಾಗ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಆ ಮಹಿಳೆಯರ ಮುಖವನ್ನು ಮರೆಮಾಡುವಷ್ಟು ಕರುಣೆಯೂ ಹಂಚಿದವರಿಗೆ ಇರಲಿಲ್ಲ. ಬಸ್ ನಿಲ್ದಾಣ, ಪಾರ್ಕು, ಅಂಗಡಿ ಜಗಲಿಗಳಲ್ಲಿ ಪೆನ್‌ಡ್ರೈವ್ ಸಿಕ್ಕಿತು ಎಂದು ಜನ ಮಾತನಾಡಿಕೊಂಡಾಗ, ಅದೇ ಊರುಗಳಲ್ಲಿ ಆ ಹೆಣ್ಣುಮಕ್ಕಳು ಗಂಡ, ಮಕ್ಕಳು, ಅತ್ತೆ ಮಾವಂದಿರ ಜೊತೆ ಬದುಕುತ್ತಿದ್ದರು. ಅತ್ಯಾಚಾರ ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದು ಅಪರಾಧ. ಅಂಥ ದೃಶ್ಯಗಳನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯಲ್ಲೂ ಅಪರಾಧ. ತನಿಖಾ ತಂಡವೂ ಹಂಚುವವರಿಗೆ ಬಹಿರಂಗವಾಗಿ ಎಚ್ಚರಿಕೆ ಕೊಟ್ಟಿತ್ತು. ಸಾಕ್ಷ್ಯ ಕೈಯಲ್ಲಿದ್ದವರು ಪೊಲೀಸರಿಗೋ ಮಹಿಳಾ ಆಯೋಗಕ್ಕೋ ಕೊಡಬಹುದಿತ್ತು. ಚುನಾವಣೆಯ ಹೊತ್ತಿಗೆ ಕಾದಿಟ್ಟು ಬೀದಿಗೆ ಎಸೆದರು. ಎರಡೂ ಕಡೆಯ ರಾಜಕಾರಣದ ಲೆಕ್ಕದಲ್ಲಿ ಆ ಹೆಣ್ಣುಮಕ್ಕಳು ಎಲ್ಲಿಯೂ ಇರಲಿಲ್ಲ.

‘ವೈಯಕ್ತಿಕ ಹೇಳಿಕೆ’ ಎಂದು ಪಕ್ಷ ಹೇಳಿದ ಮೇಲೆ ಏನಾಗುತ್ತದೆ?

2019ರ ಮೇ 17ನ್ನು ನೆನಪಿಸಿಕೊಳ್ಳಿ. ಭೋಪಾಲ್‌ನ ಬಿಜೆಪಿ ಅಭ್ಯರ್ಥಿ ಪ್ರಜ್ಞಾ ಸಿಂಗ್ ಠಾಕೂರ್ ನಾಥೂರಾಮ್ ಗೋಡ್ಸೆಯನ್ನು ದೇಶಭಕ್ತ ಎಂದಿದ್ದರು. ಅದರ ಬೆನ್ನಿಗೆ ಕರ್ನಾಟಕದ ಇಬ್ಬರ ಟ್ವೀಟ್‌ಗಳು ಗದ್ದಲ ಎಬ್ಬಿಸಿದವು. ಉತ್ತರ ಕನ್ನಡದ ಅನಂತಕುಮಾರ ಹೆಗಡೆ ತಮ್ಮ ಖಾತೆ ಹ್ಯಾಕ್ ಆಗಿತ್ತು ಎಂದರು. ದಕ್ಷಿಣ ಕನ್ನಡದ ನಳಿನ್ ಕುಮಾರ್ ಕಟೀಲ್ ಗೋಡ್ಸೆಯನ್ನು ರಾಜೀವ್ ಗಾಂಧಿಯವರೊಂದಿಗೆ ಹೋಲಿಸಿ ಬರೆದದ್ದನ್ನು ಅಳಿಸಿ ಕ್ಷಮೆ ಕೇಳಿದರು. ಪಕ್ಷದ ಅಧ್ಯಕ್ಷರಾಗಿದ್ದ ಅಮಿತ್ ಶಾ ಮೂವರ ಮಾತೂ ಅವರವರ ವೈಯಕ್ತಿಕ, ಪಕ್ಷಕ್ಕೆ ಸಂಬಂಧವಿಲ್ಲ ಎಂದು ಪ್ರಕಟಿಸಿ, ಶಿಸ್ತು ಸಮಿತಿ ಹತ್ತು ದಿನಗಳಲ್ಲಿ ವರದಿ ಕೊಡಲಿದೆ ಎಂದರು. ಪ್ರಜ್ಞಾ ಅವರನ್ನು ಮನಸಾರೆ ಕ್ಷಮಿಸಲು ತಮ್ಮಿಂದ ಆಗದು ಎಂದು ಪ್ರಧಾನಿಯೂ ಹೇಳಿದರು.

ಇಲ್ಲಿಯೂ ತಾರೀಖು ನೋಡಿ. ದಕ್ಷಿಣ ಕನ್ನಡ ಏಪ್ರಿಲ್ 18ಕ್ಕೆ, ಉತ್ತರ ಕನ್ನಡ ಏಪ್ರಿಲ್ 23ಕ್ಕೆ, ಭೋಪಾಲ್ ಮೇ 12ಕ್ಕೆ ಮತ ಹಾಕಿ ಮುಗಿಸಿದ್ದವು. ಉಳಿದಿದ್ದದ್ದು ಮೇ 19ರ ಕೊನೆಯ ಹಂತ. ಮೂವರೂ ಗೆದ್ದರು. ಆಗಸ್ಟ್‌ನಲ್ಲಿ ಕಟೀಲ್ ಪಕ್ಷದ ರಾಜ್ಯಾಧ್ಯಕ್ಷರಾದರು.

ಹೆಗಡೆಯವರ ವಿಷಯದಲ್ಲಿ ಕೊನೆಗೆ ಏನಾಯಿತು ಎನ್ನುವುದೂ ತಿಳಿದಿರಲಿ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವರಾಗಿದ್ದಾಗ ಸಂವಿಧಾನ ಬದಲಿಸುವ ಮಾತನಾಡಿ ಲೋಕಸಭೆಯಲ್ಲಿ ಕ್ಷಮೆ ಕೇಳಿದ್ದರು. ಸರ್ಕಾರ ಆಗಲೂ ಅಂತರ ಕಾಯ್ದುಕೊಂಡಿತ್ತು, 2019ರಲ್ಲಿ ಟಿಕೆಟ್ ಸಿಕ್ಕಿತು. 2024ರ ಮಾರ್ಚ್‌ನಲ್ಲಿ, ಸಂವಿಧಾನ ತಿದ್ದಲು 400 ಸ್ಥಾನ ಬೇಕು ಎಂಬ ಅರ್ಥದಲ್ಲಿ ಮತ್ತೆ ಮಾತನಾಡಿದರು. ಪಕ್ಷ ಮತ್ತೆ ವೈಯಕ್ತಿಕ ಹೇಳಿಕೆ ಎಂದಿತು. ಈ ಬಾರಿ ಟಿಕೆಟ್ ವಿಶ್ವೇಶ್ವರ ಹೆಗಡೆ ಕಾಗೇರಿ ಅವರಿಗೆ ಹೋಯಿತು. ಕಾಗೇರಿ 3 ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಅದೇ ವರ್ಷ ಪ್ರಜ್ಞಾ ಅವರಿಗೂ ಟಿಕೆಟ್ ಸಿಗಲಿಲ್ಲ. ಪಕ್ಷಗಳು ಸಾಮಾನ್ಯವಾಗಿ ‘ಇವರನ್ನು ಬಿಟ್ಟರೆ ಆ ಕ್ಷೇತ್ರವೇ ಕೈತಪ್ಪುತ್ತದೆ’ ಎನ್ನುತ್ತವೆ. ಉತ್ತರ ಕನ್ನಡದಲ್ಲಿ ಆ ಭಯಕ್ಕೆ ಆಧಾರವಿರಲಿಲ್ಲ.

ವ್ಯಕ್ತಿಯನ್ನು ದೂರ ಇಟ್ಟು, ಅವರ ಬಳಗಕ್ಕೆ ಟಿಕೆಟ್ ಕೊಟ್ಟರೆ ಅದನ್ನು ಏನೆನ್ನಬೇಕು?

ಬಳ್ಳಾರಿಯ ಕಥೆ ಕೇಳುತ್ತಿದ್ದೀರಿ ಎಂದುಕೊಳ್ಳುತ್ತೇನೆ. 2018ರ ಮಾರ್ಚ್ 31ರಂದು ಮೈಸೂರಿನಲ್ಲಿ ಅಮಿತ್ ಶಾ, ಅಕ್ರಮ ಗಣಿಗಾರಿಕೆಯ ಆರೋಪ ಹೊತ್ತ ಮಾಜಿ ಸಚಿವ ಗಾಲಿ ಜನಾರ್ದನ ರೆಡ್ಡಿಗೂ ಬಿಜೆಪಿಗೂ ಸಂಬಂಧವಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಅದೇ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ರೆಡ್ಡಿಯವರ ಸಹೋದರರಾದ ಸೋಮಶೇಖರ ರೆಡ್ಡಿ ಬಳ್ಳಾರಿ ನಗರದಿಂದ, ಕರುಣಾಕರ ರೆಡ್ಡಿ ಹರಪನಹಳ್ಳಿಯಿಂದ ಬಿಜೆಪಿಯ ಅಭ್ಯರ್ಥಿಗಳಾಗಿ ಗೆದ್ದರು. ಜನಾರ್ದನ ರೆಡ್ಡಿ 2022ರ ಕೊನೆಯಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿ 2023ರಲ್ಲಿ ಗಂಗಾವತಿಯಿಂದ ಗೆದ್ದರು. 2024ರ ಮಾರ್ಚ್ 25ರಂದು ಆ ಪಕ್ಷವನ್ನು ಬಿಜೆಪಿಯಲ್ಲಿ ವಿಲೀನ ಮಾಡಿದರು. ಗಣಿ ಪ್ರಕರಣಗಳು ಆಗಲೂ ನ್ಯಾಯಾಲಯದಲ್ಲಿದ್ದವು. 2018ರಿಂದ 2024ರೊಳಗೆ ಬದಲಾದದ್ದು ಲೋಕಸಭೆಗೆ ಬೇಕಾದ ಮತಗಳ ಲೆಕ್ಕವೊಂದೇ ಎನ್ನುವುದು ನನ್ನ ಅಭಿಪ್ರಾಯ. 2025ರ ಮೇ 6ರಂದು ಹೈದರಾಬಾದ್‌ನ ಸಿಬಿಐ ನ್ಯಾಯಾಲಯ ಓಬಳಾಪುರಂ ಗಣಿ ಪ್ರಕರಣದಲ್ಲಿ ಅವರಿಗೆ 7 ವರ್ಷ ಶಿಕ್ಷೆ ವಿಧಿಸಿತು, ಶಾಸಕ ಸ್ಥಾನ ಹೋಯಿತು. ಮುಂದಿನ ತಿಂಗಳು ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟ ಮೇಲೆ ಸ್ಥಾನ ಮರಳಿತು.

ಅಮಾನತಾದವರು ಮರಳಿ ಬರುವುದು ಅಪರೂಪವೇ?

ಅಲ್ಲ. ಹೈದರಾಬಾದ್‌ನ ಗೋಶಾಮಹಲ್ ಶಾಸಕ ರಾಜಾ ಸಿಂಗ್ ಅವರನ್ನು ಬಿಜೆಪಿ 2022ರ ಆಗಸ್ಟ್‌ನಲ್ಲಿ, ಪ್ರವಾದಿಯವರ ಬಗ್ಗೆ ಆಡಿದ ಮಾತಿಗಾಗಿ ಅಮಾನತು ಮಾಡಿತು. 2023ರ ಅಕ್ಟೋಬರ್ 22ರಂದು ಅಮಾನತು ರದ್ದಾಯಿತು, ಅದೇ ದಿನ ಪಟ್ಟಿಯಲ್ಲಿ ಹೆಸರೂ ಬಂತು. ಒಂದೇ ದಿನ ಎರಡೂ.

ಅಪರಾಧ ಸಾಬೀತಾಗುವ ಮೊದಲೇ ಅಭ್ಯರ್ಥಿಯನ್ನು ಕೈಬಿಡುವುದು ಅನ್ಯಾಯವಲ್ಲವೇ?

ಇದು ತೂಕವಿರುವ ಪ್ರಶ್ನೆ. ಚುನಾವಣೆಯ ಹೊತ್ತಿಗೆ ಸುಳ್ಳು ದೂರು ಹುಟ್ಟಿಸುವುದು, ಎಡಿಟ್ ಮಾಡಿದ ಧ್ವನಿ ಹರಿಬಿಡುವುದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಯಾವ ಆರೋಪ ಬಂದರೂ ಟಿಕೆಟ್ ಕಿತ್ತುಕೊಳ್ಳಬೇಕು ಎಂದರೆ ಎದುರಾಳಿಯ ಕೈಗೆ ಕತ್ತಿ ಕೊಟ್ಟ ಹಾಗಾಗುತ್ತದೆ. ಕಾನೂನು ಕೂಡ ಶಿಕ್ಷೆಯಾದ ಮೇಲಷ್ಟೇ ಅನರ್ಹಗೊಳಿಸುತ್ತದೆ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಾದರೆ ಸ್ಥಾನ ಕೂಡಲೇ ಹೋಗುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ.

ಆದರೆ ಜೈಲಿಗೆ ಹಾಕಲು ಬೇಕಾದ ಪುರಾವೆ ಬೇರೆ, ಟಿಕೆಟ್ ಕೊಡದಿರಲು ಬೇಕಾದ ಪುರಾವೆ ಬೇರೆ. ಟಿಕೆಟ್ ಯಾರ ಹಕ್ಕೂ ಅಲ್ಲ. ಒಂದು ಶಾಲೆ ಚಾಲಕನನ್ನು ನೇಮಿಸುವಾಗಲೂ ಪೊಲೀಸ್ ಪರಿಶೀಲನೆ ಕೇಳುತ್ತದೆ. 2023ರಲ್ಲಿ ಧಾರವಾಡದಲ್ಲಿ ಕಾಂಗ್ರೆಸ್ ಟಿಕೆಟ್ ಪಡೆದ ವಿನಯ ಕುಲಕರ್ಣಿ ಕೊಲೆ ಪ್ರಕರಣದಲ್ಲಿ ವಿಚಾರಣೆ ಎದುರಿಸುತ್ತಿದ್ದರು. ಜಾಮೀನಿನ ಷರತ್ತಿನ ಪ್ರಕಾರ ಧಾರವಾಡ ಜಿಲ್ಲೆಗೆ ಕಾಲಿಡುವಂತಿರಲಿಲ್ಲ. ಪತ್ನಿ ಪ್ರಚಾರ ಮಾಡಿದರು, ಕುಲಕರ್ಣಿ ಗೆದ್ದರು. ಪಕ್ಷ ದೂರ ಸರಿಯುವ ಮಾತೇ ಆಡಲಿಲ್ಲ. ತಪ್ಪಿತಸ್ಥರೋ ಅಲ್ಲವೋ ಎನ್ನುವುದನ್ನು ನ್ಯಾಯಾಲಯ ಹೇಳಲಿ. ಕ್ಷೇತ್ರಕ್ಕೆ ಕಾಲಿಡಲಾಗದವರನ್ನು ಆ ಕ್ಷೇತ್ರದ ಪ್ರತಿನಿಧಿಯಾಗಿ ಆರಿಸಿ ಎಂದು ಕೇಳುವುದು ಮಾತ್ರ ಮತದಾರರಿಗೆ ಮಾಡುವ ಅಗೌರವ.

ಕಳಂಕಿತರಿಗೆ ಟಿಕೆಟ್ ಕೊಟ್ಟದ್ದೇಕೆ ಎಂದು ಪಕ್ಷ ಹೇಳಲೇಬೇಕೇ?

ಹೇಳಲೇಬೇಕು. 2020ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್, ಕ್ರಿಮಿನಲ್ ಪ್ರಕರಣ ಇರುವವರನ್ನು ಆರಿಸಿದ 48 ಗಂಟೆಯೊಳಗೆ ಪ್ರಕರಣದ ವಿವರ ಮತ್ತು ಆರಿಸಿದ ಕಾರಣವನ್ನು ಒಂದು ಸ್ಥಳೀಯ ಭಾಷಾ ಪತ್ರಿಕೆ, ಒಂದು ರಾಷ್ಟ್ರೀಯ ಪತ್ರಿಕೆ ಮತ್ತು ಪಕ್ಷದ ಸಾಮಾಜಿಕ ಜಾಲತಾಣಗಳಲ್ಲಿ ಪ್ರಕಟಿಸಬೇಕು ಎಂದಿತು. ಗೆಲ್ಲುತ್ತಾರೆ ಎನ್ನುವುದೊಂದೇ ಕಾರಣ ಆಗಬಾರದು ಎಂದೂ ಹೇಳಿತು. ಇದು ಸಿ-7 ಎಂಬ ನಮೂನೆಯಲ್ಲಿ ಬರುತ್ತದೆ. ಬಿಹಾರ ಚುನಾವಣೆಯಲ್ಲಿ ಇದನ್ನು ಪಾಲಿಸದ ಎಂಟು ಪಕ್ಷಗಳಿಗೆ 2021ರ ಆಗಸ್ಟ್‌ನಲ್ಲಿ ದಂಡ ಬಿತ್ತು: ಸಿಪಿಎಂ ಮತ್ತು ಎನ್‌ಸಿಪಿಗೆ 5 ಲಕ್ಷ, ಬಿಜೆಪಿ, ಕಾಂಗ್ರೆಸ್ ಸೇರಿ ಉಳಿದ ಆರಕ್ಕೆ 1 ಲಕ್ಷ ರೂಪಾಯಿ. ಕೋಟಿಗಟ್ಟಲೆ ಖರ್ಚು ಮಾಡುವ ಪಕ್ಷಗಳಿಗೆ ಈ ದಂಡ ಒಂದು ಸಮಾವೇಶದ ಕುರ್ಚಿ ಬಾಡಿಗೆಯೂ ಆಗದು.

ಇದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ಈ ನಿಯಮ ಹಿಡಿಯುವುದು ದಾಖಲಾದ ಪ್ರಕರಣಗಳನ್ನು ಮಾತ್ರ. ದೂರು ಕೊಡಲು ಜನ ಹೆದರುವ ಕಡೆ, ಅಭ್ಯರ್ಥಿ ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರ ಸ್ವಚ್ಛವಾಗಿಯೇ ಇರುತ್ತದೆ. ಹಾಸನದಲ್ಲಿ ಮೊದಲ ಎಫ್‌ಐಆರ್ ಬಂದದ್ದು ಮತದಾನವಾಗಿ ಎರಡು ದಿನಕ್ಕೆ ಎಂಬುದನ್ನು ಮರೆಯಬೇಡಿ.

ಬೇರೆ ದೇಶಗಳಲ್ಲಿ ಹೇಗೆ?

ತೊಡಕು ಅಲ್ಲಿಯೂ ಇದೆ. ಬ್ರಿಟನ್ನಿನ ರಾಚ್‌ಡೇಲ್‌ನಲ್ಲಿ 2024ರ ಫೆಬ್ರುವರಿ 29ರಂದು ಉಪಚುನಾವಣೆ ನಡೆಯಿತು. ಇಸ್ರೇಲ್ ಮೇಲಿನ ಅಕ್ಟೋಬರ್ 7ರ ದಾಳಿಯ ಬಗ್ಗೆ ಲೇಬರ್ ಅಭ್ಯರ್ಥಿ ಅಜರ್ ಅಲಿ ಆಡಿದ್ದ ಮಾತಿನ ಧ್ವನಿಮುದ್ರಣ ಹೊರಬಿತ್ತು. ಪಕ್ಷ ಮೊದಲು ಅವರ ಕ್ಷಮೆಯನ್ನು ಒಪ್ಪಿ ಜೊತೆಗೆ ನಿಂತಿತು, ಫೆಬ್ರುವರಿ 12ರಂದು ಬೆಂಬಲ ಹಿಂಪಡೆಯಿತು. ಅಷ್ಟರಲ್ಲಿ ನಾಮಪತ್ರದ ಗಡುವು ಮುಗಿದಿತ್ತು. ಮತಪತ್ರದಲ್ಲಿ ಅವರ ಹೆಸರಿನ ಪಕ್ಕ ಲೇಬರ್ ಎಂದೇ ಇತ್ತು. ಅವರು 2,402 ಮತ ಪಡೆದು ನಾಲ್ಕನೇ ಸ್ಥಾನಕ್ಕೆ ಇಳಿದರು, 12,335 ಮತಗಳೊಂದಿಗೆ ಜಾರ್ಜ್ ಗ್ಯಾಲೊವೇ ಗೆದ್ದರು. ನನಗೆ ಇಲ್ಲಿ ಮೆಚ್ಚುಗೆಯಾಗುವುದು ಒಂದೇ: ತಡವಾದರೂ ಮತದಾನಕ್ಕೆ ಎರಡು ವಾರ ಮುಂಚೆ ಹೇಳಿದರು, ಆ ಸ್ಥಾನವನ್ನು ಕಳೆದುಕೊಳ್ಳಲು ಸಿದ್ಧರಾದರು.

ಉಲ್ಟಾ ಆದದ್ದೂ ಇದೆ. ಆಸ್ಟ್ರೇಲಿಯದ ಆಕ್ಸ್‌ಲಿ ಕ್ಷೇತ್ರದಲ್ಲಿ 1996ರಲ್ಲಿ ಮೂಲನಿವಾಸಿಗಳ ಕುರಿತ ಮಾತುಗಳಿಗಾಗಿ ಲಿಬರಲ್ ಪಕ್ಷ ಪಾಲಿನ್ ಹ್ಯಾನ್ಸನ್ ಅವರನ್ನು ಕೈಬಿಟ್ಟಿತು. ಮತಪತ್ರದಲ್ಲಿ ಅವರ ಹೆಸರಿನ ಜೊತೆ ಪಕ್ಷದ ಹೆಸರು ಉಳಿದೇ ಇತ್ತು. ಲೇಬರ್ ಪಕ್ಷದ ಭದ್ರಕೋಟೆಯಾಗಿದ್ದ ಆ ಕ್ಷೇತ್ರದಲ್ಲಿ ಅವರು ಗೆದ್ದರು, ಮರುವರ್ಷ ಸ್ವಂತ ಪಕ್ಷ ಕಟ್ಟಿದರು. ಪಕ್ಷ ಕೈಬಿಟ್ಟದ್ದೇ ಕೆಲವರಿಗೆ ಪ್ರಚಾರವಾಗುತ್ತದೆ. ಹಾಗೆಂದು ಕೈಬಿಡಬಾರದು ಎನ್ನಲಾಗದು. ಮೊದಲೇ ನೋಡಿ ಆರಿಸಬೇಕಿತ್ತು ಎನ್ನಬಹುದು, ಅಷ್ಟೇ.

ಕೈಬಿಟ್ಟ ಅಭ್ಯರ್ಥಿ ಗೆದ್ದುಬಿಟ್ಟರೆ?

ಗೆದ್ದವರು ಗೆದ್ದಂತೆಯೇ. ಪಕ್ಷದಿಂದ ಉಚ್ಚಾಟಿಸಿದರೆ ಸದನದ ಸ್ಥಾನ ಹೋಗುವುದಿಲ್ಲ. ಉಚ್ಚಾಟಿತರನ್ನೂ ಪಕ್ಷಾಂತರ ನಿಷೇಧ ಕಾಯ್ದೆಯ ಲೆಕ್ಕದಲ್ಲಿ ಟಿಕೆಟ್ ಕೊಟ್ಟ ಪಕ್ಷದವರೆಂದೇ ಪರಿಗಣಿಸಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ. ಅವರು ಬೇರೆ ಪಕ್ಷ ಸೇರಿದರೆ ಅನರ್ಹರಾಗುತ್ತಾರೆ, ಸುಮ್ಮನೆ ಕುಳಿತರೆ ಅವಧಿ ಪೂರೈಸುತ್ತಾರೆ. ಬಸನಗೌಡ ಪಾಟೀಲ ಯತ್ನಾಳ ಅವರನ್ನು ಬಿಜೆಪಿ 2025ರ ಮಾರ್ಚ್‌ನಲ್ಲಿ, ಎಸ್.ಟಿ. ಸೋಮಶೇಖರ್ ಮತ್ತು ಶಿವರಾಮ ಹೆಬ್ಬಾರ್ ಅವರನ್ನು ಮೇ ತಿಂಗಳಲ್ಲಿ ಆರು ವರ್ಷಕ್ಕೆ ಉಚ್ಚಾಟಿಸಿತು. ಮೂವರೂ ಶಾಸಕರಾಗಿಯೇ ಉಳಿದರು. ಹಾಸನದಲ್ಲಿ ಫಲಿತಾಂಶ ಬೇರೆಯಾಗಿದ್ದರೆ ಲೋಕಸಭೆಯ ದಾಖಲೆಯಲ್ಲಿ ಪ್ರಜ್ವಲ್ ಜೆಡಿಎಸ್ ಸದಸ್ಯರೇ.

ನನ್ನ ಪಕ್ಷದ ಅಭ್ಯರ್ಥಿ ನನಗೆ ಒಪ್ಪಿಗೆಯಿಲ್ಲ. ಎದುರಾಳಿಗೂ ಹಾಕಲಾರೆ. ನೋಟಾ ಒತ್ತಿದರೆ ಪ್ರಯೋಜನವಿದೆಯೇ?

ಫಲಿತಾಂಶ ಬದಲಾಗುವುದಿಲ್ಲ. 2024ರಲ್ಲಿ ಇಂದೋರ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿ ಕೊನೆ ಗಳಿಗೆಯಲ್ಲಿ ನಾಮಪತ್ರ ಹಿಂಪಡೆದು ಬಿಜೆಪಿಯತ್ತ ಹೋದಾಗ, ಕಾಂಗ್ರೆಸ್ ನೋಟಾ ಒತ್ತಿ ಎಂದು ಕರೆ ಕೊಟ್ಟಿತು. 2,18,674 ಮತ ಬಿದ್ದವು. ಆದರೂ ಬಿಜೆಪಿ ಅಭ್ಯರ್ಥಿ ದೊಡ್ಡ ಅಂತರದಲ್ಲಿ ಗೆದ್ದರು. ಆದರೆ ಮುಂದಿನ ಬಾರಿ ಟಿಕೆಟ್ ಹಂಚುವವರು ಕ್ಷೇತ್ರವಾರು ನೋಟಾ ಲೆಕ್ಕವನ್ನು ನೋಡಿಯೇ ನೋಡುತ್ತಾರೆ. ಮನೆಯಲ್ಲಿ ಕೂರುವುದಕ್ಕಿಂತ ಅದು ಮೇಲು.

ಮತದಾನಕ್ಕೆ ಮೊದಲು ಏನನ್ನು ನೋಡಬಹುದು?

ನಾಮಪತ್ರದ ಜೊತೆ ಸಲ್ಲಿಸುವ 26ನೇ ನಮೂನೆಯ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಆಯೋಗದ ‘ನೋ ಯುವರ್ ಕ್ಯಾಂಡಿಡೇಟ್’ ಆ್ಯಪ್‌ನಲ್ಲೂ ನೋಡಬಹುದು. ಆಸ್ತಿಯ ಪುಟಗಳನ್ನು ದಾಟಿ ಪ್ರಕರಣಗಳ ಪಟ್ಟಿಗೆ ಹೋಗಿ, ಕಲಂಗಳ ಸಂಖ್ಯೆ ಬರೆದುಕೊಳ್ಳಿ, ಗೊತ್ತಿಲ್ಲದಿದ್ದರೆ ಊರಿನ ವಕೀಲರನ್ನು ಕೇಳಿ. ಚಳವಳಿಯಲ್ಲಿ ರಸ್ತೆ ತಡೆದ ಪ್ರಕರಣವೂ ಅಲ್ಲಿರುತ್ತದೆ, ಕೊಲೆ ಯತ್ನವೂ ಇರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಆಮೇಲೆ ಪಕ್ಷದ ಸಿ-7 ತೆಗೆದು ಕೊಟ್ಟಿರುವ ಕಾರಣ ಓದಿ. ‘ಜನಾನುರಾಗಿ, ಪ್ರಕರಣ ರಾಜಕೀಯ ಪ್ರೇರಿತ’ ಎಂಬಂಥ ಸಾಲು ಐದಾರು ಅಭ್ಯರ್ಥಿಗಳಿಗೆ ಅದೇ ಅಕ್ಷರಗಳಲ್ಲಿ ಇದ್ದರೆ, ಪಕ್ಷ ಯಾರನ್ನೂ ಪರಿಶೀಲಿಸಿಲ್ಲ ಎಂದರ್ಥ. ಪ್ರಚಾರಕ್ಕೆ ಮನೆಗೆ ಬಂದವರಿಗೆ ಅದೇ ಸಾಲನ್ನು ತೋರಿಸಿ ಕೇಳಿ.

ಮತ ಹಾಕಿದ ಮೇಲೆ ಸತ್ಯ ಗೊತ್ತಾದರೆ ವಾಪಸ್ ಕರೆಸಿಕೊಳ್ಳಬಹುದೇ?

ನಮ್ಮಲ್ಲಿ ಶಾಸಕರನ್ನಾಗಲಿ ಸಂಸದರನ್ನಾಗಲಿ ಮತದಾರರು ವಾಪಸ್ ಕರೆಸುವ ಕಾನೂನು ಇಲ್ಲ. ಬ್ರಿಟನ್ನಿನಲ್ಲಿ 2015ರಿಂದ ಇದೆ: ಸಂಸದರಿಗೆ ಜೈಲು ಶಿಕ್ಷೆಯಾದರೆ ಅಥವಾ ಸದನದಿಂದ ನಿಗದಿತ ಅವಧಿಗೆ ಅಮಾನತಾದರೆ, ಕ್ಷೇತ್ರದ ಶೇ 10ರಷ್ಟು ಮತದಾರರು ಆರು ವಾರಗಳೊಳಗೆ ಸಹಿ ಹಾಕಿದಲ್ಲಿ ಸ್ಥಾನ ತೆರವಾಗಿ ಉಪಚುನಾವಣೆ ನಡೆಯುತ್ತದೆ. ನಮ್ಮಲ್ಲಿ ಅಂಥದ್ದು ಬರುವವರೆಗೆ ಪ್ರಮಾಣಪತ್ರದಲ್ಲಿ ಸುಳ್ಳು ಇದ್ದರೆ ಹೈಕೋರ್ಟ್‌ಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಅದನ್ನು ಫಲಿತಾಂಶ ಬಂದ 45 ದಿನಗಳೊಳಗೆ ಸಲ್ಲಿಸಬೇಕು, ಕ್ಷೇತ್ರದ ಯಾವ ಮತದಾರರು ಬೇಕಾದರೂ ಸಲ್ಲಿಸಬಹುದು. ಪ್ರಜ್ವಲ್ ಅವರ 2019ರ ಆಯ್ಕೆಯನ್ನು ಕರ್ನಾಟಕ ಹೈಕೋರ್ಟ್ ಇಂಥದೇ ಅರ್ಜಿಯ ಮೇಲೆ 2023ರ ಸೆಪ್ಟೆಂಬರ್ 1ರಂದು ಅಸಿಂಧುಗೊಳಿಸಿತ್ತು. ಅಷ್ಟು ಹೊತ್ತಿಗೆ ಐದು ವರ್ಷದ ಅವಧಿಯಲ್ಲಿ ನಾಲ್ಕು ವರ್ಷ ಮುಗಿದಿತ್ತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು, ಮುಂದಿನ ಚುನಾವಣೆಗೆ ಪಕ್ಷ ಮತ್ತೆ ಬಿ ಫಾರಂ ಕೊಟ್ಟಿತು.